ಬಿಡುವಿನ ತೃಪ್ತಿ ಅಂದರೇನು?

ಮಧ್ಯಾಹ್ನ ಊಟ ಆದಮೇಲೆ ನಮ್ಮ ಧಾರವಾಡದ ಮನೆಯಲ್ಲಿ ದೊಡ್ಡವ್ವ ಪಡಸಾಲೆಯ ಕಿಟಕಿ ಪಕ್ಕ ಕೂತು ಕಸೂತಿ ಹಾಕುತ್ತಾಳೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು ಮೂಡಬೇಕು. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆ ತಿರುಗಿಸಿದರೆ ಹಿಂದೆಯೂ ಅದೇ ಚಿತ್ತಾರ ಕಾಣಬೇಕು.

“ಬಿಡುವಿನಾಗ ಏನ್ ಮಾಡ್ತಿ ದೊಡ್ಡವ್ವಾ?” ಅಂದರೆ, “ನನಗೆಲ್ಲಿ ಬಿಡುವು ಅದ?” ಅನ್ನುತ್ತಾಳೆ. ಅದಕ್ಕೇ ಎಷ್ಟು ತಾಸು ಬಿಡುವು ಸಿಕ್ಕಿತು ಅಂತ ಲೆಕ್ಕ ಹಾಕಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ಮಾಡಿದ್ದರಿಂದ ಮನಸ್ಸಿಗೆ, ಮೈಗೆ ಬೇಕಾದದ್ದು ಸಿಕ್ಕಿತಾ? ಸಿಕ್ಕಿದೆ ಅನ್ನುವ ಭಾವನೆಯೇ ಬಿಡುವಿನ ತೃಪ್ತಿ. ಇಂಗ್ಲಿಷಿನಲ್ಲಿ ಇದನ್ನು ‘ಲೀಷರ್ ಸ್ಯಾಟಿಸ್ಫ್ಯಾಕ್ಷನ್’ ಅನ್ನುತ್ತಾರೆ.

ಇದನ್ನು ಅಳೆಯಲು ಜೇಕಬ್ ಬಿಯರ್ಡ್ ಮತ್ತು ಮುನೀರ್ ರಾಗೆಬ್ ಎಂಬ ಸಂಶೋಧಕರು 1980ರಲ್ಲಿ ಒಂದು ಅಳತೆಪಟ್ಟಿ ಪ್ರಕಟಿಸಿದರು. ಮೂಲದಲ್ಲಿ 51 ಹೇಳಿಕೆಗಳು. ಜಾಸ್ತಿ ಬಳಕೆಯಲ್ಲಿರುವುದು 24 ಹೇಳಿಕೆಗಳ ಚಿಕ್ಕ ಪಟ್ಟಿ. ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ ಕೊಡಬೇಕು. ‘ನನ್ನ ಮಟ್ಟಿಗೆ ಇದು ಹೆಚ್ಚುಕಡಿಮೆ ಎಂದೂ ನಿಜ ಆಗುವುದಿಲ್ಲ’ ಅಂದರೆ 1, ‘ಹೆಚ್ಚುಕಡಿಮೆ ಯಾವಾಗಲೂ ನಿಜ’ ಅಂದರೆ 5. ಒಟ್ಟು ಅಂಕ 24ರಿಂದ 120ರೊಳಗೆ ಬರುತ್ತದೆ.

ಹೇಳಿಕೆಗಳು ಆರು ಗುಂಪಾಗಿವೆ: ಮನಸ್ಸು, ಕಲಿಕೆ, ಒಡನಾಟ, ನಿರಾಳತೆ, ದೇಹ, ಸೌಂದರ್ಯ. ಏನೋ ಸಾಧಿಸಿದೆ ಅನಿಸುವುದು, ಆತ್ಮವಿಶ್ವಾಸ ಬರುವುದು ಮನಸ್ಸಿನ ಗುಂಪಿಗೆ ಸೇರುತ್ತವೆ. “ಎಳಿ ಎಣಸೋ ಮುಂದ ಬ್ಯಾರೆ ಏನೂ ತಲ್ಯಾಗ ಬರಂಗಿಲ್ಲ ನೋಡ” ಅಂತ ದೊಡ್ಡವ್ವ ಹೇಳುತ್ತಾಳಲ್ಲ, ಅದು ನಿರಾಳತೆಯ ಗುಂಪಿಗೆ ಹೋಗುತ್ತದೆ. ದೇಹದ ಗುಂಪಿನಲ್ಲಿ ಮಾತ್ರ ಅವಳಿಗೆ ಅಂಕ ಕಡಿಮೆ. ಕುತ್ತಿಗೆ ಹಿಡಿದುಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತಿ ಇಳಿಯುವವರಿಗೆ ಈ ಗುಂಪಿನಲ್ಲೇ ಅಂಕ ಜಾಸ್ತಿ ಬಂದೀತು.

ಸೌಂದರ್ಯದ ಗುಂಪನ್ನು ತಪ್ಪಾಗಿ ತಿಳಿಯುವುದು ಸುಲಭ. ಕಸೂತಿ ಎಷ್ಟು ಚೆಂದ ಬಂದಿದೆ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಕೂತು ಹಾಕುವ ಜಾಗ ಹೇಗಿದೆ, ಚೊಕ್ಕಟವಾಗಿದೆಯಾ, ನೋಡಲು ಚೆಂದ ಇದೆಯಾ ಅಂತ ಅಲ್ಲಿ ಕೇಳುತ್ತಾರೆ. ಇದು ನನಗೆ ತುಂಬಾ ಸರಿ ಅನಿಸಿತು. ಕೆರೆ ದಂಡೆಯಲ್ಲಿ ಎಷ್ಟೇ ಹುಮ್ಮಸ್ಸಿನಿಂದ ನಡೆದರೂ ಕಾಲಡಿ ಪ್ಲಾಸ್ಟಿಕ್ ಚೀಲ, ಮೂಗಿಗೆ ಚರಂಡಿ ವಾಸನೆ ಬಂದರೆ ಅರ್ಧ ಖುಷಿ ಅಲ್ಲೇ ಹೋಗುತ್ತದೆ, ಅಲ್ವಾ? ಊರಿನ ಉದ್ಯಾನ, ಮೈದಾನ ನೋಡಿಕೊಳ್ಳುವವರು ಈ ಗುಂಪಿನ ನಾಲ್ಕು ಹೇಳಿಕೆಗಳನ್ನಾದರೂ ಜನರ ಮುಂದೆ ಇಡಬೇಕು.

ಒಟ್ಟು ಅಂಕವನ್ನಷ್ಟೇ ನೋಡಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ಇಬ್ಬರಿಗೂ 80 ಬರಬಹುದು. ಒಬ್ಬರಿಗೆ ಒಡನಾಟದ ಕೊರತೆ, ಇನ್ನೊಬ್ಬರಿಗೆ ನಿರಾಳತೆಯದು. ಗುಂಪುಗುಂಪಾಗಿ ನೋಡಿದರೇನೇ ಎಲ್ಲಿ ಕಡಿಮೆ ಬಿದ್ದಿದೆ ಅಂತ ತಿಳಿಯುವುದು.

ಪಟ್ಟಿಯಲ್ಲಿ ಇನ್ನೊಂದು ಹೇಳಿಕೆ ಇದೆ: ಸುಮ್ನೆ ಇಷ್ಟ ಅಂತಲೇ ಇದನ್ನು ಮಾಡುತ್ತೇನೆ. ದೊಡ್ಡವ್ವನಿಗೆ ಓದಿ ಹೇಳಿದೆ. ಆಗ ಅವಳ ತೊಡೆಯ ಮೇಲೆ ದಸರಾದೊಳಗೆ ಮುಗಿಸಿ ಕೊಡಬೇಕಾದ ಆರ್ಡರ್ ಸೀರೆ ಇತ್ತು. ಸೂಜಿ ನಿಲ್ಲಿಸಿ ಒಂದು ಕ್ಷಣ ಯೋಚಿಸಿದಳು.

“ಇದಕ್ಕ ಎರಡು ಬರಕೋ. ಮೊಮ್ಮಗಳ ಪರಕಾರಕ್ಕ ಹಾಕೋ ಮುಂದ ಕೇಳು, ಐದು ಹೇಳ್ತೀನಿ.”