ಕ್ಯುಬೆಕ್‌ನಲ್ಲಿ ಆಡಿದರೆ ಎನ್‌ಎಚ್‌ಎಲ್ ಗ್ಯಾರಂಟಿನಾ?

ಪ್ರಶ್ನೆ: ನಮ್ಮ ಹುಡುಗನ ಟೀಮು ಫೆಬ್ರವರಿಯಲ್ಲಿ ಕೆನಡಾದ ಕ್ಯುಬೆಕ್ ನಗರದಲ್ಲಿ ನಡೆಯುವ ಪೀ-ವೀ (11-12 ವರ್ಷದ ಮಕ್ಕಳ) ಐಸ್ ಹಾಕಿ ಟೂರ್ನಿಗೆ ಹೋಗುತ್ತಿದೆ. ಗ್ರೆಟ್ಸ್‌ಕಿ, ಲೆಮ್ಯೂ ಅಂಥ ಐಸ್ ಹಾಕಿ ದಿಗ್ಗಜರೆಲ್ಲರೂ ಅಲ್ಲಿ ಆಡಿದವರೇ ಅಂತೆ. ಅಲ್ಲಿ ಮಿಂಚಿದರೆ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ದಾರಿ ಸಲೀಸು ಅಲ್ವಾ?

ಉತ್ತರ: ಅಲ್ಲ. ಪ್ರತಿ ಚಳಿಗಾಲದಲ್ಲೂ ಇದೇ ಪ್ರಶ್ನೆ ಬರುತ್ತದೆ. ನಾನೂ ಪ್ರತಿ ಸಲ ನಾಲ್ಕು ಸಾಲು ಬರೆಯುತ್ತೇನೆ, ಮುಂದಿನ ವರ್ಷ ಮತ್ತೆ ಅದೇ ಬರುತ್ತದೆ. ಈ ಸಲ ಪೂರ್ತಿ ಲೆಕ್ಕ ಹಾಕಿಯೇ ಬಿಡೋಣ.

ಮೊದಲು ಟೂರ್ನಿಯ ಕಥೆ, ಚುಟುಕಾಗಿ. 1960ರಲ್ಲಿ ಜೆರಾರ್ ಬೋಲ್ದುಕ್ ಮತ್ತು ಗೆಳೆಯರು ಸೇರಿ ಇದನ್ನು ಶುರು ಮಾಡಿದರು. ಕ್ಯುಬೆಕ್ ನಗರದಲ್ಲಿ ಚಳಿಗಾಲದ ಕಾರ್ನಿವಲ್ ನಡೆಯುವ ಹೊತ್ತು ಅದು. 11-12 ವರ್ಷದ ಮಕ್ಕಳಿಗೆ ದೊಡ್ಡ ಸ್ಟೇಡಿಯಂನಲ್ಲಿ, ದೊಡ್ಡ ಜನಸಂದಣಿಯ ಎದುರು ಆಡುವ ಅವಕಾಶ. ಇವತ್ತಿಗೂ ಇದರ ಜೀವಾಳ ಅದೇ. ಬರಬರುತ್ತಾ ಅಮೆರಿಕ, ಯುರೋಪ್, ಏಷ್ಯಾದಿಂದಲೂ ತಂಡಗಳು ಬಂದವು. ಈಗ ಸುಮಾರು 120 ತಂಡಗಳು ಬರುತ್ತವೆ. ನೋಡಲು ಬರುವವರು 2 ಲಕ್ಷದ ಹತ್ತಿರ. ಹಳೆಯ ಕೊಲಿಸೇ ಸ್ಟೇಡಿಯಂ ಬಿಟ್ಟು 2016ರಿಂದ ಮುಖ್ಯ ಪಂದ್ಯಗಳು ಹೊಸ ಸ್ಟೇಡಿಯಂ ಸೆಂಟರ್ ವಿಡಿಯೋಟ್ರಾನ್‌ಗೆ ಬಂದವು. 2021ರಲ್ಲಿ ಕೋವಿಡ್‌ನಿಂದ ಟೂರ್ನಿ ನಡೆಯಲಿಲ್ಲ, 2022ರಲ್ಲಿ ಮೇ ತಿಂಗಳಿಗೆ ಹೋಯಿತು. ದೇಶದ ಹಾಕಿ ಸಂಸ್ಥೆ ಹಾಕಿ ಕೆನಡಾ ಈ ವಯಸ್ಸಿನ ಗುಂಪಿಗೆ ಯು-13 (13ರೊಳಗಿನವರು) ಎಂದು ಹೆಸರು ಬದಲಿಸಿದರೂ ಇಲ್ಲಿ ಇನ್ನೂ ಪೀ-ವೀ ಎಂದೇ ಕರೆಯುತ್ತಾರೆ.

ಈಗ ಲೆಕ್ಕ. ಒಂದು ತಂಡಕ್ಕೆ 15 ಮಕ್ಕಳು ಎಂದುಕೊಳ್ಳಿ. 120 ತಂಡಕ್ಕೆ 1,800 ಮಕ್ಕಳು. ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ, ತಂಡಕ್ಕೆ ಹೆಚ್ಚೆಂದರೆ 23 ಆಟಗಾರರು. ಒಟ್ಟು 736 ಜಾಗ. 18ರ ಹುಡುಗನಿಂದ 40ರ ಹಿರಿಯನವರೆಗೆ, ಇಡೀ ಜಗತ್ತಿಗೆ ಇಷ್ಟೇ ಜಾಗ. ಒಂದೇ ವರ್ಷ ಕ್ಯುಬೆಕ್‌ಗೆ ಬರುವ ಮಕ್ಕಳು ಅದರ ಎರಡು ಪಟ್ಟಿಗಿಂತ ಜಾಸ್ತಿ. ಅವರೆಲ್ಲ ಎಲ್ಲಿ ಕೂರಬೇಕು?

"ಇಲ್ಲಿ ಆಡಿದ ಸಾವಿರಕ್ಕೂ ಹೆಚ್ಚು ಮಂದಿ ಎನ್‌ಎಚ್‌ಎಲ್ ಸೇರಿದ್ದಾರಲ್ಲ" ಎನ್ನುತ್ತೀರಿ. ನಿಜ. ಆದರೆ ಅದು 60 ವರ್ಷಗಳ ಮೊತ್ತ. ವರ್ಷಕ್ಕೆ ಹಂಚಿದರೆ 20ರ ಆಸುಪಾಸು. ಮೊದಮೊದಲು ತಂಡಗಳು ಕಡಿಮೆ ಇದ್ದವು, ಒಪ್ಪೋಣ. ಆದರೂ ಬಂದವರಲ್ಲಿ ಬಹುಪಾಲು ಮಕ್ಕಳು ಎನ್‌ಎಚ್‌ಎಲ್ ಮುಟ್ಟಲಿಲ್ಲ ಎನ್ನುವುದು ಬದಲಾಗುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಟೂರ್ನಿ ಆಟಗಾರರನ್ನು ತಯಾರಿಸಿತು ಎಂದು ನಾವು ಓದಿಕೊಳ್ಳುತ್ತೇವೆ. ನಡೆದದ್ದು ಉಲ್ಟಾ. ಒಳ್ಳೆಯ ಕ್ಲಬ್‌ಗಳು ಆಗಲೇ ಚೆನ್ನಾಗಿ ಆಡುವ ಮಕ್ಕಳನ್ನು ಇಲ್ಲಿಗೆ ಕರೆತರುತ್ತವೆ. ಅವರಲ್ಲಿ ಕೆಲವರು ಮುಂದೆ ದೊಡ್ಡವರಾದರೆ ಆಶ್ಚರ್ಯ ಏನಿದೆ?

ಗ್ರೆಟ್ಸ್‌ಕಿ ಕಥೆಯನ್ನೇ ನೋಡಿ. 1974ರಲ್ಲಿ ತನ್ನೂರು ಬ್ರಾಂಟ್‌ಫರ್ಡ್‌ನ ತಂಡದ ಜೊತೆ ಬಂದ. ಟೆಕ್ಸಾಸ್‌ನ ತಂಡವೊಂದನ್ನು 25-0ರಿಂದ ಸೋಲಿಸಿದ ಪಂದ್ಯದಲ್ಲಿ ಒಬ್ಬನೇ 7 ಗೋಲು ಹೊಡೆದ. ಇದು ಎಲ್ಲರ ಬಾಯಲ್ಲೂ ಇದೆ. ಸೆಮಿಫೈನಲ್‌ನಲ್ಲಿ ಅವನ ತಂಡ ಓಶಾವಾ ಎದುರು ಸೋತಿತು ಎನ್ನುವುದು ಎಷ್ಟು ಜನಕ್ಕೆ ನೆನಪಿದೆ? ಗೆದ್ದ ಆ ಓಶಾವಾ ಹುಡುಗರ ಹೆಸರು ನಿಮಗೆ ಗೊತ್ತಾ? ಮುಂದೆ ಹೆಸರು ಮಾಡಿದವರನ್ನು ಮಾತ್ರ ನಾವು ಎಣಿಸುತ್ತೇವೆ. ಹಾಗೆ ಎಣಿಸಿದರೆ ಯಾವ ಊರಿನ ಮೈದಾನವೂ ಪವಾಡದ ಜಾಗದಂತೆ ಕಾಣುತ್ತದೆ.

ವಯಸ್ಸನ್ನೂ ಮರೆಯಬೇಡಿ. ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವುದು ಅವರಿಗೆ ಹದಿನೆಂಟರ ಸುಮಾರಿಗೆ. ಹನ್ನೆರಡರಲ್ಲಿ ಒಬ್ಬ ಹುಡುಗನಿಗೆ ಆಗಲೇ ಧ್ವನಿ ಒಡೆದಿರುತ್ತದೆ, ಪಕ್ಕದವನು ಅವನ ಭುಜಕ್ಕೂ ಬರುವುದಿಲ್ಲ. ಇವತ್ತು ಎತ್ತರದಿಂದ ಗೆದ್ದವನಿಗೆ ಆರು ವರ್ಷದ ನಂತರ ಆ ಲಾಭ ಇರುವುದಿಲ್ಲ. ಆದ್ದರಿಂದ ಇಲ್ಲಿ ಗೋಲು ಹೊಡೆಯಲಿಲ್ಲ ಎಂದು ವಾಪಸ್ ಬರುವಾಗ ಕಾರಿನಲ್ಲಿ ಮಗುವಿಗೆ ಪಾಠ ಮಾಡಬೇಡಿ. ದಯವಿಟ್ಟು.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ: ಅಷ್ಟು ದಿನ ಮಕ್ಕಳು ಎಲ್ಲಿರುತ್ತಾರೆ? ನನಗೆ ಟೂರ್ನಿಯಲ್ಲಿ ಅತಿ ಇಷ್ಟವಾದ ಸಂಗತಿ ಇದೇ. ಹೊರಗಿನಿಂದ ಬಂದ ಎಷ್ಟೋ ಮಕ್ಕಳು ಕ್ಯುಬೆಕ್‌ನ ಸ್ಥಳೀಯ ಮನೆಗಳಲ್ಲೇ ಉಳಿಯುತ್ತಾರೆ. ಮನೆಯವರು ಫ್ರೆಂಚ್ ಮಾತಾಡುತ್ತಾರೆ, ಹುಡುಗನಿಗೆ ಬರುವುದಿಲ್ಲ. ಊಟದ ಮೇಜಿನಲ್ಲಿ ಕೈಸನ್ನೆಯಲ್ಲೇ ಮಾತು. ಎರಡನೇ ದಿನಕ್ಕೆ ಆ ಮನೆಯವರು ಸ್ಟೇಡಿಯಂನಲ್ಲಿ ಇವನ ಹೆಸರು ಕೂಗುತ್ತಿರುತ್ತಾರೆ. ಬಿಡುವಿನಲ್ಲಿ ಮಕ್ಕಳು ತಮ್ಮ ತಂಡದ ಲಾಂಛನದ ಪಿನ್ನುಗಳನ್ನು ಬೇರೆ ದೇಶದ ಮಕ್ಕಳ ಜೊತೆ ಅದಲುಬದಲು ಮಾಡಿಕೊಳ್ಳುತ್ತಾರೆ. ಈ ದೊಡ್ಡ ವ್ಯವಸ್ಥೆ ನಡೆಯುವುದು ಹೆಚ್ಚಾಗಿ ಸ್ವಯಂಸೇವಕರಿಂದ.

2023ರಲ್ಲಿ ಉಕ್ರೇನ್‌ನ ಹುಡುಗರ ತಂಡ ಬಂದಿತ್ತು. ಯುದ್ಧದಿಂದ ಬೇರೆ ಬೇರೆ ದೇಶಗಳಿಗೆ ಚದುರಿಹೋಗಿದ್ದ ಮಕ್ಕಳು ಅವರು. ಕ್ಯುಬೆಕ್‌ನ ಮನೆಗಳು ಅವರಿಗೆ ಬಾಗಿಲು ತೆರೆದವು. ಮೊದಲ ಪಂದ್ಯದಲ್ಲಿ ಬಾಸ್ಟನ್ ತಂಡವನ್ನು 3-1ರಿಂದ ಸೋಲಿಸಿದಾಗ ಸ್ಟೇಡಿಯಂ ಪೂರ್ತಿ ಎದ್ದು ಚಪ್ಪಾಳೆ ತಟ್ಟಿತು. ಅದರಲ್ಲಿ ಎಷ್ಟು ಮಂದಿ ಎನ್‌ಎಚ್‌ಎಲ್ ಸೇರುತ್ತಾರೆ ಎಂದು ಅವತ್ತು ಯಾರೂ ಕೇಳಲಿಲ್ಲ.

ನಿಮ್ಮ ಹುಡುಗನ ಬ್ಯಾಗಿನಲ್ಲಿ ಪಿನ್ನುಗಳನ್ನು ಜಾಸ್ತಿ ಹಾಕಿ ಕಳಿಸಿ. ಉಳಿದುಕೊಳ್ಳುವ ಮನೆಯವರಿಗೆ ಒಂದಿಷ್ಟು ಕೋಡುಬಳೆಯೂ ಇರಲಿ.