ಡಬ್ಬಿಯಿಲ್ಲದ ಸ್ವಿಚ್ಚು

ಮೈಸೂರಿನ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗಿ ನೋಡಿ, ಮೂಲೆಯ ರ್‍ಯಾಕಿನಲ್ಲಿ ಹಸಿರು ದೀಪ ಮಿಣುಕಿಸುತ್ತಾ ಒಂದು ಡಬ್ಬಿ ಕೂತಿರುತ್ತದೆ. ಸಾಲಾಗಿ ಇಪ್ಪತ್ತನಾಲ್ಕು ಪೋರ್ಟು, ಒಂದೊಂದಕ್ಕೂ ಒಂದು ಕೇಬಲ್ಲು. ಅದರ ಕೆಲಸ ಇಷ್ಟೇ: ಯಾವ ಪೋರ್ಟಿನಿಂದ ಯಾವ ಕಂಪ್ಯೂಟರ್ ಮಾತಾಡಿತು ಎಂದು ನೆನಪಿಟ್ಟುಕೊಂಡು, ಅದರ ಹೆಸರಿಗೆ ಬಂದ ಪ್ಯಾಕೆಟ್ಟನ್ನು ಅದೇ ಪೋರ್ಟಿಗೆ ತಳ್ಳುವುದು. ವಿಳಾಸ ಗೊತ್ತಿಲ್ಲದಿದ್ದರೆ ಬಂದ ಪೋರ್ಟು ಬಿಟ್ಟು ಉಳಿದೆಲ್ಲಕ್ಕೂ ಹಂಚಿ, ಯಾರು ಓಗೊಡುತ್ತಾರೆ ಎಂದು ಕಾಯುವುದು.

ಈಗ ಅದೇ ಲ್ಯಾಬಿನ ಒಂದೇ ಸರ್ವರಿನೊಳಗೆ ಹತ್ತು ವರ್ಚುವಲ್ ಮೆಷಿನ್‌ಗಳು, ಅಂದರೆ ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರುಗಳು, ಓಡುತ್ತಿವೆ ಎಂದುಕೊಳ್ಳಿ. ಅವಕ್ಕೆ ಕೇಬಲ್ಲೂ ಇಲ್ಲ, ಪೋರ್ಟೂ ಇಲ್ಲ. ಆದರೆ ಒಂದಕ್ಕೊಂದು ಮಾತಾಡಬೇಕು, ಹೊರಗಿನ ಲೋಕದ ಜೊತೆಗೂ ಮಾತಾಡಬೇಕು. ಹಾಗಾಗಿ ಸ್ವಿಚ್ಚನ್ನೇ ಸಾಫ್ಟ್‌ವೇರಾಗಿ ಬರೆದುಬಿಟ್ಟರು. ಆ ಪೈಕಿ ತುಂಬ ಬಳಕೆಯಲ್ಲಿರುವುದು ಓಪನ್ ವಿಸ್ವಿಚ್. ನಿಸಿರಾ ಎಂಬ ಅಮೆರಿಕದ ಕಂಪನಿಯಲ್ಲಿ ಹುಟ್ಟಿ, 2010ರಲ್ಲಿ 1.0 ಆವೃತ್ತಿಯಾಗಿ ಹೊರಬಂತು. 2012ರಲ್ಲಿ ಅದರ ಒಂದು ಭಾಗ ಲಿನಕ್ಸಿನ ತಿರುಳಾದ ಕರ್ನಲ್ಲಿನ 3.3 ಆವೃತ್ತಿಯೊಳಗೇ ಸೇರಿತು. ಅದೇ ವರ್ಷ ನಿಸಿರಾವನ್ನು ವಿಎಂವೇರ್ ಕೊಂಡಿತು. 2016ರಿಂದ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಅಪಾಚೆ 2.0 ಲೈಸೆನ್ಸ್, ಅಂದರೆ ಕೋಡು ಯಾರು ಬೇಕಾದರೂ ಇಳಿಸಿಕೊಂಡು ಕಟ್ಟಬಹುದು.

ಉಬುಂಟುವಿನಲ್ಲಿ ಒಂದೇ ಸಾಲಿನ ಕಮಾಂಡಿಗೆ ಸಿಗುವುದನ್ನು ಕೋಡಿನಿಂದ ಯಾಕೆ ಕಟ್ಟಬೇಕು? ಡಿಸ್ಟ್ರೋದಲ್ಲಿ (ಉಬುಂಟುವಿನಂಥ ಸಿದ್ಧ ಲಿನಕ್ಸ್ ಕಟ್ಟಿನಲ್ಲಿ) ಇರುವ ಆವೃತ್ತಿ ಹಳೆಯದಾಗಿದ್ದರೆ, ಒಂದು ತಿದ್ದುಪಡಿ ಹಾಕಿ ನೋಡಬೇಕಿದ್ದರೆ, ಅಥವಾ ಡಿಪಿಡಿಕೆ (ಕರ್ನಲ್ಲನ್ನು ಬಳಸದೆ ಪ್ಯಾಕೆಟ್ಟುಗಳನ್ನು ವೇಗವಾಗಿ ಸಾಗಿಸುವ ಲೈಬ್ರರಿ) ಜೊತೆ ನಿಮಗೆ ಬೇಕಾದ ಹಾಗೆ ಹೊಂದಿಸಬೇಕಿದ್ದರೆ ಕಟ್ಟಿ. ಇದ್ಯಾವುದೂ ಅಲ್ಲದಿದ್ದರೆ ಸುಮ್ಮನೆ ಪ್ಯಾಕೇಜ್ ಹಾಕಿಕೊಳ್ಳುವುದೇ ಜಾಣತನ. ಸೆಮಿಸ್ಟರ್ ಪ್ರಾಜೆಕ್ಟಿಗೆ ಒಳಗಿನ ರಚನೆ ಅರ್ಥವಾಗಬೇಕು ಎನ್ನುವವರ ಮಾತು ಬೇರೆ, ಅವರು ಕಟ್ಟಲೇಬೇಕು.

ಯಾಕೆಂದರೆ ಹೊರಗಿನಿಂದ ಒಂದೇ ಸ್ವಿಚ್ಚಿನಂತೆ ಕಂಡರೂ ಒಳಗೆ ದುಡಿಯುವವರು ಮೂವರು. ಮಂಡ್ಯದ ಕಡೆಯವರಿಗೆ ಇದನ್ನು ವಿ.ಸಿ. ನಾಲೆ ತೋರಿಸಿ ಹೇಳುವುದು ಸುಲಭ. ಕನ್ನಂಬಾಡಿ ಕಟ್ಟೆಯಿಂದ ಬಂದ ನೀರನ್ನು ಯಾವ ಬಯಲಿಗೆ ಯಾವಾಗ ಬಿಡಬೇಕು ಎಂಬುದು ಪುಸ್ತಕದಲ್ಲಿರುತ್ತದೆ. ಅದನ್ನು ನೋಡಿಕೊಂಡು ತೂಬು ಎತ್ತುವವನು ನೀರುಗಂಟಿ. ತೂಬು ಎತ್ತಿದ ಮೇಲೆ ನೀರು ತಾನಾಗಿ ಹರಿಯುತ್ತದೆ, ಕೊಡಕೊಡಕ್ಕೂ ನೀರುಗಂಟಿಯನ್ನು ಕೇಳುತ್ತಾ ಕೂರುವುದಿಲ್ಲ. ಇಲ್ಲಿ ಪುಸ್ತಕ ಎಂದರೆ ಓವಿಎಸ್‌ಡಿಬಿ-ಸರ್ವರ್ ಎಂಬ ಪುಟ್ಟ ಡೇಟಾಬೇಸು: ಯಾವ ಬ್ರಿಡ್ಜಿದೆ (ಒಂದೊಂದು ವರ್ಚುವಲ್ ಸ್ವಿಚ್ಚಿಗೆ ಇಲ್ಲಿನ ಹೆಸರು), ಅದಕ್ಕೆ ಯಾವ ಪೋರ್ಟು ಸೇರಿದೆ, ಯಾವ ವಿಲ್ಯಾನ್ ಸಂಖ್ಯೆ (ಒಂದೇ ಸ್ವಿಚ್ಚನ್ನು ಬೇರೆಬೇರೆ ಜಾಲವಾಗಿ ವಿಂಗಡಿಸುವ ಗುರುತು), ಎಲ್ಲ ಅದರಲ್ಲಿ. ನೀರುಗಂಟಿ ಎಂದರೆ ಓವಿಎಸ್-ವಿಸ್ವಿಚ್‌ಡಿ ಎಂಬ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಮು. ತೂಬು ಎಂದರೆ ಕರ್ನಲ್ಲಿನೊಳಗಿನ ಓಪನ್‌ವಿಸ್ವಿಚ್ ಮಾಡ್ಯೂಲ್. ಒಂದು ಬಗೆಯ ಮೊದಲ ಪ್ಯಾಕೆಟ್ ಬಂದಾಗ ಮಾಡ್ಯೂಲಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಮೇಲಕ್ಕೆ ಕಳಿಸುತ್ತದೆ. ಡೀಮನ್ ತೀರ್ಮಾನಿಸಿ ಒಂದು ನಿಯಮವನ್ನು ಕೆಳಗೆ ಇಡುತ್ತದೆ. ಅದೇ ಬಗೆಯ ಎರಡನೆಯದು, ಲಕ್ಷದನೆಯದು, ಎಲ್ಲ ಕರ್ನಲ್ಲಿನಲ್ಲೇ ಸಾಗಿಹೋಗುತ್ತವೆ.

ಇನ್‌ಸ್ಟಾಲ್ ಮಾಡುವುದೆಂದರೆ ಈ ಮೂವರಿಗೆ ಒಬ್ಬರ ಮನೆ ಒಬ್ಬರಿಗೆ ಗೊತ್ತಾಗುವಂತೆ ಮಾಡುವುದು. ಕೋಡು ಕಂಪೈಲ್ ಆಗುವುದೇನೂ ಕಷ್ಟವಲ್ಲ. ಕೈಕೊಡುವುದು ಬಹುಪಾಲು ಈ ಮನೆ ಹುಡುಕುವ ಕೆಲಸದಲ್ಲೇ.

ಬೇಕಾದ ಸಾಮಾನು: ಬಿಲ್ಡ್-ಎಸೆನ್ಷಿಯಲ್, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಪೈಥಾನ್ 3, ಜೊತೆಗೆ ಲಿಬ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಕ್ಯಾಪ್-ಎನ್‌ಜಿ ಇವೆರಡರ 'ಡೆವ್' ಪ್ಯಾಕೇಜುಗಳು. ಈ ಡೆವ್ ಎಂಬ ಬಾಲ ಮುಖ್ಯ. ಬಾಲವಿಲ್ಲದ ಪ್ಯಾಕೇಜಿನಲ್ಲಿ ಓಡುವ ಲೈಬ್ರರಿ ಮಾತ್ರ ಇರುತ್ತದೆ, ಕಂಪೈಲರಿಗೆ ಬೇಕಾದ ಹೆಡರ್ ಫೈಲು ಇರುವುದಿಲ್ಲ. ಸರಸ್ವತಿಪುರಂನ ಪಿ.ಜಿ. ರೂಮಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಕೂತವರು ಗಿಟ್ ಕ್ಲೋನ್ ಮಾಡುವಾಗ ಡೆಪ್ತ್ 1 ಎಂದು ಕೊಟ್ಟರೆ ಹಳೆಯ ಇತಿಹಾಸವೆಲ್ಲ ಇಳಿಯದೆ ಡೇಟಾ ಉಳಿಯುತ್ತದೆ.

ಗಿಟ್‌ನಿಂದ ಇಳಿಸಿದವರಿಗೆ ಕಾನ್ಫಿಗರ್ ಎಂಬ ಫೈಲೇ ಕಾಣುವುದಿಲ್ಲ. ಗಾಬರಿ ಬೇಡ, ಮೊದಲು ಬೂಟ್ ಡಾಟ್ ಎಸ್‌ಎಚ್ ಓಡಿಸಬೇಕು, ಅದೇ ಕಾನ್ಫಿಗರನ್ನು ಹುಟ್ಟಿಸುತ್ತದೆ. ಬಿಡುಗಡೆಯಾದ ಟಾರ್ ಫೈಲಿನಲ್ಲಿ ಅದು ಸಿದ್ಧವಾಗಿಯೇ ಬರುತ್ತದೆ. ಆಮೇಲೆ ಕಾನ್ಫಿಗರ್, ಮೇಕ್, ಮೇಕ್ ಚೆಕ್, ಕೊನೆಗೆ ಸೂಡೋ (ರೂಟ್ ಅಧಿಕಾರ ಕೊಡುವ ಕಮಾಂಡು) ಹಾಕಿ ಮೇಕ್ ಇನ್‌ಸ್ಟಾಲ್. ಇದು ಯಾವ ಸಿ ಪ್ರೋಗ್ರಾಮಿಗಾದರೂ ಇರುವ ಹಾದಿ. ಆದರೆ ಇಲ್ಲಿ ಒಂದು ಕಳ್ಳಹೆಜ್ಜೆ ಇದೆ. ಲಿಬ್‌ಎಸ್‌ಎಸ್‌ಎಲ್ ಸಿಗದಿದ್ದರೆ ಕಾನ್ಫಿಗರ್ ನಿಲ್ಲುವುದಿಲ್ಲ. ಎಸ್‌ಎಸ್‌ಎಲ್ ಇರುವುದಿಲ್ಲ ಎಂದು ಒಂದು ಸಾಲು ಎಚ್ಚರಿಕೆ ಉಗುಳಿ ಮುಂದಕ್ಕೆ ಓಡುತ್ತದೆ. ನೂರಾರು ಸಾಲಿನ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ವಾರ ಕಳೆದ ಮೇಲೆ ಕಂಟ್ರೋಲರಿಗೆ (ಸ್ವಿಚ್ಚಿಗೆ ದೂರದಿಂದ ನಿಯಮ ಹೇಳುವ ಪ್ರೋಗ್ರಾಮಿಗೆ) ಸುರಕ್ಷಿತ ಸಂಪರ್ಕ ಯಾಕೆ ಆಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವ ಬದಲು, ಔಟ್‌ಪುಟ್ಟನ್ನು ಒಂದು ಫೈಲಿಗೆ ಹಾಕಿಕೊಂಡು 'ವಾರ್ನಿಂಗ್' ಎಂದು ಹುಡುಕುವುದು ಒಳ್ಳೆಯದು.

ಮೇಕ್ ಚೆಕ್ ಬಿಟ್ಟುಬಿಡುವವರೇ ಹೆಚ್ಚು. ಅದರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಪರೀಕ್ಷೆಗಳಿವೆ, ರೂಟ್ ಅಧಿಕಾರವೂ ಬೇಡ, ಕರ್ನಲ್ಲನ್ನೂ ಮುಟ್ಟುವುದಿಲ್ಲ. ನಾಲ್ಕು ಕೋರಿನ ಯಂತ್ರವಾದರೆ ಟೆಸ್ಟ್‌ಸೂಟ್ ಫ್ಲ್ಯಾಗಿನಲ್ಲಿ ಜೆ 4 ಎಂದು ಕೊಡಿ, ಒಟ್ಟೊಟ್ಟಿಗೆ ನಾಲ್ಕು ನಡೆಯುತ್ತವೆ. ಒಂದೆರಡು ಸೋತರೆ ಕೋಡು ಕೆಟ್ಟಿದೆ ಎಂದು ತೀರ್ಪು ಕೊಡಬೇಡಿ. ಕೆಲವು ಪರೀಕ್ಷೆ ಸಮಯದ ಮೇಲೆ ನಿಂತಿವೆ, ಯಂತ್ರ ಏದುಸಿರು ಬಿಡುತ್ತಿದ್ದರೆ ತಪ್ಪುತ್ತವೆ. ರೀಚೆಕ್ ಎಂಬ ಆಯ್ಕೆ ಕೊಟ್ಟರೆ ಸೋತವಷ್ಟೇ ಮತ್ತೆ ನಡೆಯುತ್ತವೆ. ಎರಡನೇ ಸಲವೂ ಅದೇ ಸೋತರೆ ಆಗ ಯೋಚಿಸಿ.

ಹಳೆಯ ಟಿಪ್ಪಣಿಗಳನ್ನು ನೋಡಿ ಮಾಡುವವರು ಎಡವುವ ಜಾಗ ಇನ್ನೊಂದಿದೆ. ಕಾನ್ಫಿಗರ್ ಮಾಡುವಾಗ 'ವಿತ್-ಲಿನಕ್ಸ್' ಎಂದು ಕರ್ನಲ್ಲಿನ ಜಾಡು ಕೊಡಿ, ಆಮೇಲೆ ಮಾಡ್ಯೂಲ್ಸ್-ಇನ್‌ಸ್ಟಾಲ್ ಮಾಡಿ ಎಂದು ಅವು ಹೇಳುತ್ತವೆ. ಹಿಂದೆ ಕರ್ನಲ್ ಮಾಡ್ಯೂಲನ್ನೂ ಇದೇ ಕೋಡಿನಿಂದ ಕಟ್ಟುತ್ತಿದ್ದ ಕಾಲವಿತ್ತು. 2022ರ 3.0 ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಆ ಆಯ್ಕೆ ಕೊಟ್ಟರೆ 'ಗುರುತಿಲ್ಲದ ಆಯ್ಕೆ' ಎಂಬ ಎಚ್ಚರಿಕೆ ಬರುತ್ತದೆ, ಮಾಡ್ಯೂಲ್ಸ್-ಇನ್‌ಸ್ಟಾಲ್ ಎಂಬ ಗುರಿಯೇ ಇಲ್ಲವೆಂದು ಮೇಕ್ ಹೇಳುತ್ತದೆ. ಮಾಡ್ಯೂಲು ನಿಮ್ಮ ಕರ್ನಲ್ಲಿನ ಜೊತೆಗೇ ಬಂದಿರುತ್ತದೆ, ಮಾಡ್‌ಪ್ರೋಬ್ ಓಪನ್‌ವಿಸ್ವಿಚ್ ಎಂದರೆ ಸಾಕು. ಅದೂ ಇಲ್ಲದ ಯಂತ್ರವಾದರೆ ಬ್ರಿಡ್ಜಿನ ಡೇಟಾಪಾತ್ ಬಗೆಯನ್ನು 'ನೆಟ್‌ಡೆವ್' ಎಂದು ಬದಲಿಸಿ. ಆಗ ಎಲ್ಲ ಕೆಲಸ ಕರ್ನಲ್ಲಿನ ಹೊರಗೇ ನಡೆಯುತ್ತದೆ. ಡಿಪಿಡಿಕೆ ಇಲ್ಲದಿದ್ದರೆ ಅದು ನಿಧಾನ, ಕಲಿಯುವುದಕ್ಕೆ ಅಡ್ಡಿಯಿಲ್ಲ.

ಈಗ ಮನೆಯ ವಿಳಾಸಕ್ಕೆ ಬರೋಣ. ಏನೂ ಹೇಳದೆ ಕಟ್ಟಿದರೆ ಎಲ್ಲವೂ /ಯುಎಸ್‌ಆರ್/ಲೋಕಲ್ ಒಳಗೆ ಹೋಗಿ ಕೂರುತ್ತದೆ: ಡೇಟಾಬೇಸ್ ಫೈಲು ಅದರ 'ಇಟಿಸಿ' ಕೆಳಗೆ, ಡೀಮನ್‌ಗಳೂ ಕಮಾಂಡುಗಳೂ ಮಾತಾಡಿಕೊಳ್ಳುವ ಸಾಕೆಟ್ಟು ಅದರ 'ವಾರ್' ಕೆಳಗೆ. ಡಿಸ್ಟ್ರೋದ ಪ್ಯಾಕೇಜಾದರೋ ನೇರವಾಗಿ /ಇಟಿಸಿ ಮತ್ತು /ವಾರ್ ಬಳಸುತ್ತದೆ. ಮೊದಲು ಪ್ಯಾಕೇಜ್ ಹಾಕಿ, ಅದನ್ನು ತೆಗೆಯದೆ ಮೇಲೊಂದು ಕೋಡಿನಿಂದ ಕಟ್ಟಿದರೆ ಒಂದೇ ಯಂತ್ರದಲ್ಲಿ ಎರಡು ಪುಸ್ತಕ, ಇಬ್ಬರು ನೀರುಗಂಟಿಗಳು, ಒಂದೇ ತೂಬು. ಕಮಾಂಡು ಒಂದು ಮನೆಯ ಬಾಗಿಲು ತಟ್ಟುತ್ತದೆ, ಡೀಮನ್ ಇನ್ನೊಂದರಲ್ಲಿ ಕೂತಿರುತ್ತದೆ. ತೆರೆಯ ಮೇಲೆ ಬರುವುದು 'ಡೇಟಾಬೇಸ್ ಕನೆಕ್ಷನ್ ಫೇಲ್ಡ್, ಅಂಥ ಫೈಲಿಲ್ಲ' ಎಂಬ ಸಾಲು. ಸರ್ವರ್ ಸತ್ತಿದೆ ಎಂದುಕೊಳ್ಳುವ ಮುನ್ನ ಆ ಸಾಲಿನಲ್ಲಿರುವ ಸಾಕೆಟ್ಟಿನ ಜಾಡನ್ನು ಅಕ್ಷರಕ್ಷರ ಓದಿ. ಇದನ್ನು ತಪ್ಪಿಸಲು ಹಳೆಯ ಪ್ಯಾಕೇಜನ್ನು ತೆಗೆಯಿರಿ, ಇಲ್ಲವೇ ಕಾನ್ಫಿಗರ್ ಹಂತದಲ್ಲೇ ಪ್ರಿಫಿಕ್ಸ್, ಲೋಕಲ್‌ಸ್ಟೇಟ್‌ಡಿರ್, ಸಿಸ್‌ಕಾನ್ಫ್‌ಡಿರ್ ಮೂರನ್ನೂ ನಿಮಗೆ ಬೇಕಾದಂತೆ ಕೊಡಿ. ಮೂರರಲ್ಲಿ ಒಂದನ್ನು ಮರೆತರೂ ಫಜೀತಿ.

ಶುರು ಮಾಡುವುದಕ್ಕೆ ಓವಿಎಸ್-ಸಿಟಿಎಲ್ ಎಂಬ ಸ್ಕ್ರಿಪ್ಟಿದೆ. ಡೇಟಾಬೇಸ್ ಇಲ್ಲದಿದ್ದರೆ ಸೃಷ್ಟಿಸಿ, ಮಾಡ್ಯೂಲ್ ಎಬ್ಬಿಸಿ, ಎರಡೂ ಡೀಮನ್‌ಗಳನ್ನು ಸರಿಯಾದ ಕ್ರಮದಲ್ಲಿ ಅದೇ ಹೊರಡಿಸುತ್ತದೆ. ಅದು ಕೂತಿರುವುದು 'ಶೇರ್' ಫೋಲ್ಡರಿನೊಳಗಿನ ಸ್ಕ್ರಿಪ್ಟ್ಸ್ ಎಂಬ ಕಡೆ, ಕಮಾಂಡು ಹುಡುಕುವ ಜಾಗಗಳ ಪಟ್ಟಿಯಾದ ಪಾತ್‌ನಲ್ಲಿ ಅಲ್ಲ. ಪಾತ್‌ಗೆ ಸೇರಿಸಿದರೂ ಸೂಡೋ ತನ್ನದೇ ಪಾತ್ ಬಳಸುವುದರಿಂದ 'ಕಮಾಂಡ್ ನಾಟ್ ಫೌಂಡ್' ಎನ್ನುತ್ತದೆ. ಪೂರ್ತಿ ಜಾಡು ಕೊಟ್ಟು ಕರೆಯಿರಿ.

ಸಂರಚನೆ ಮಾಡುವ ಕಮಾಂಡು ಓವಿಎಸ್-ವಿಎಸ್‌ಸಿಟಿಎಲ್. ಆಡ್-ಬಿಆರ್ ಎಂದು ಬ್ರಿಡ್ಜಿನ ಹೆಸರು ಕೊಟ್ಟು ಎಂಟರ್ ಒತ್ತಿದಾಗ ಕರ್ಸರ್ ಅಲ್ಲೇ ಮಿಣುಕುತ್ತಾ ನಿಂತುಬಿಟ್ಟರೆ ಕಮಾಂಡ್ ತಪ್ಪೆಂದಲ್ಲ. ಅದು ಪುಸ್ತಕದಲ್ಲಿ ಬರೆದಾಗಿದೆ, ನೀರುಗಂಟಿ ಜಾರಿಗೆ ತಂದೆ ಎಂದು ಹೇಳಲಿ ಎಂದು ಕಾಯುತ್ತಿದೆ. ಅಂದರೆ ವಿಸ್ವಿಚ್‌ಡಿ ಎದ್ದಿಲ್ಲ. ಲಾಗ್ ಫೈಲು ತೆಗೆದು ನೋಡಿ.

ಎದ್ದಿದ್ದರೆ ಒಂದು ಸಣ್ಣ ಪ್ರಯೋಗ ಮಾಡಿ, ಎರಡನೇ ಕಂಪ್ಯೂಟರ್ ಬೇಡ. ಲಿನಕ್ಸಿನ ನೆಟ್‌ವರ್ಕ್ ನೇಮ್‌ಸ್ಪೇಸ್ (ತನ್ನದೇ ನೆಟ್‌ವರ್ಕ್ ಇರುವ ಪ್ರತ್ಯೇಕ ಕೋಣೆ) ಎರಡು ಸೃಷ್ಟಿಸಿ, ಒಂದೊಂದಕ್ಕೂ ಒಂದು ವೆತ್ ಜೋಡಿ. ವೆತ್ ಎಂದರೆ ಎರಡು ತುದಿಯ ಕಾಲ್ಪನಿಕ ಕೇಬಲ್ಲು. ಒಂದು ತುದಿ ನೇಮ್‌ಸ್ಪೇಸಿಗೆ, ಇನ್ನೊಂದು ಬ್ರಿಡ್ಜಿಗೆ. ಎರಡೂ ತುದಿಯನ್ನು 'ಅಪ್' ಮಾಡಬೇಕು, ಒಂದನ್ನು ಮರೆತು ಅರ್ಧ ಗಂಟೆ ಕಳೆಯುವುದು ಮಾಮೂಲು. ಐಪಿ ಕೊಟ್ಟು ಒಂದರಿಂದ ಇನ್ನೊಂದಕ್ಕೆ ಹತ್ತು ಪಿಂಗ್ ಕಳಿಸಿ. ಮೊದಲನೆಯದು ಉಳಿದವಕ್ಕಿಂತ ಎದ್ದು ಕಾಣುವಷ್ಟು ತಡವಾಗುತ್ತದೆ. ಮುಗಿದ ಕೂಡಲೇ ಇನ್ನೊಂದು ಟರ್ಮಿನಲ್ಲಿನಲ್ಲಿ ಓವಿಎಸ್-ಆಪ್‌ಸಿಟಿಎಲ್‌ಗೆ ಡಿಪಿಸಿಟಿಎಲ್/ಡಂಪ್-ಫ್ಲೋಸ್ ಎಂದು ಹೇಳಿದರೆ ತೂಬಿನಲ್ಲಿರುವ ನಿಯಮಗಳು ಕಾಣುತ್ತವೆ. ಹೋದ ದಿಕ್ಕಿನ ಸಾಲಿನಲ್ಲಿ ಸಾಮಾನ್ಯವಾಗಿ 9 ಪ್ಯಾಕೆಟ್, 882 ಬೈಟ್ ಎಂದಿರುತ್ತದೆ.

ಕಳಿಸಿದ್ದು ಹತ್ತು, ಲೆಕ್ಕದಲ್ಲಿರುವುದು ಒಂಬತ್ತು. ಒಂದೂ ಕಳೆದುಹೋಗಿಲ್ಲ, ಪಿಂಗ್ ಹತ್ತಕ್ಕೆ ಹತ್ತು ಎಂದೇ ಹೇಳುತ್ತದೆ. ಮೊದಲ ಪ್ಯಾಕೆಟ್ಟು ನೀರುಗಂಟಿಯ ಕೈಯಲ್ಲಿ ದಾಟಿತು. ತೂಬು ಎಣಿಸಿದ್ದು ತನ್ನ ಮೂಲಕ ಹರಿದ ಒಂಬತ್ತನ್ನು ಮಾತ್ರ. 882 ಬಂದದ್ದು ಹೀಗೆ: ಪಿಂಗಿನ ಮಾಮೂಲಿ ಹೊರೆ 56 ಬೈಟ್, ಅದರ ಮೇಲೆ ಐಸಿಎಂಪಿ ತಲೆಬರಹ 8, ಐಪಿಯದು 20, ಈಥರ್ನೆಟ್ಟಿನದು 14, ಒಟ್ಟು 98. ಒಂಬತ್ತರಿಂದ ಗುಣಿಸಿ ನೋಡಿ. ಹತ್ತು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸುಮ್ಮನಿದ್ದು ಮತ್ತೆ ಅದೇ ಕಮಾಂಡ್ ಕೊಟ್ಟರೆ ಆ ಸಾಲೇ ಇರುವುದಿಲ್ಲ. ಬಳಸದ ನಿಯಮವನ್ನು ಡೀಮನ್ ತೆಗೆದುಹಾಕುತ್ತದೆ. ಆದರೆ ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂಬ ನೆನಪು ಬೇರೆ, ಅದು ಐದು ನಿಮಿಷ ಉಳಿಯುತ್ತದೆ.

ನಿಜವಾದ ನೆಟ್‌ವರ್ಕ್ ಕಾರ್ಡನ್ನು ಬ್ರಿಡ್ಜಿಗೆ ಸೇರಿಸುವಾಗ ಕೈ ನಡುಗಬೇಕು. ಸೇರಿಸಿದ ಕ್ಷಣದಿಂದ ಆ ಕಾರ್ಡು ಬರೀ ಒಂದು ಪೋರ್ಟು, ಅದರ ಮೇಲಿದ್ದ ಐಪಿ ವಿಳಾಸ ಕೆಲಸಕ್ಕೆ ಬಾರದು. ವಿಳಾಸವನ್ನು ಕಾರ್ಡಿನಿಂದ ಅಳಿಸಿ ಬ್ರಿಡ್ಜಿಗೆ ಕೊಡಬೇಕು, ಬ್ರಿಡ್ಜನ್ನು ಅಪ್ ಮಾಡಬೇಕು, ಗೇಟ್‌ವೇ ದಾರಿ ಮತ್ತೆ ಹಾಕಬೇಕು. ಮಂಡ್ಯದ ಮನೆಯಲ್ಲಿ ಕೂತು ಮೈಸೂರಿನ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಇದನ್ನು ಒಂದೊಂದೇ ಸಾಲಾಗಿ ಮಾಡಿದರೆ ಮೊದಲ ಸಾಲಿಗೇ ಸಂಪರ್ಕ ಕಡಿದು, ಉಳಿದ ಸಾಲು ಹೊಡೆಯಲು ಬಸ್ಸು ಹತ್ತಬೇಕಾಗುತ್ತದೆ. ಎಲ್ಲವನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಬರೆದು, ಸಂಪರ್ಕ ಹೋದರೂ ನಿಲ್ಲದಂತೆ ಓಡಿಸಿ. ನೆಟ್‌ವರ್ಕ್ ಮ್ಯಾನೇಜರ್ ಇದ್ದರೆ ಆ ಕಾರ್ಡಿನ ತಂಟೆಗೆ ಬರಬೇಡ ಎಂದು ಮೊದಲೇ ಹೇಳಿಡಿ.

ಪಿ.ಜಿ. ರೂಮಿನ ವೈಫೈ ಕಾರ್ಡನ್ನು ಸೇರಿಸಿದರೆ ಕೆಲಸ ಮಾಡುವುದಿಲ್ಲ, ಅದು ನಿಮ್ಮ ತಪ್ಪಲ್ಲ. ವೈಫೈ ಆಕ್ಸೆಸ್ ಪಾಯಿಂಟು ತನ್ನಲ್ಲಿ ಹೆಸರು ನೋಂದಾಯಿಸಿದ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆಯ) ಫ್ರೇಮುಗಳನ್ನಷ್ಟೇ ಒಪ್ಪುತ್ತದೆ. ಹಿಂದೆ ಅಡಗಿರುವ ವರ್ಚುವಲ್ ಮೆಷಿನ್ನಿನ ವಿಳಾಸ ಅದಕ್ಕೆ ಅಪರಿಚಿತ. ಇನ್ನು ಲ್ಯಾಬಿನ ಒಂದೇ ಸ್ವಿಚ್ಚಿನಿಂದ ಎರಡು ಕೇಬಲ್ಲು ತಂದು ಒಂದೇ ಬ್ರಿಡ್ಜಿಗೆ ಬೇರೆಬೇರೆಯಾಗಿ ಸಿಕ್ಕಿಸಿದಿರೋ, ಬ್ರಾಡ್‌ಕಾಸ್ಟ್ ಪ್ಯಾಕೆಟ್ಟು ಸುತ್ತುತ್ತಲೇ ಇದ್ದು ಇಡೀ ಲ್ಯಾಬು ಮಲಗುತ್ತದೆ. ಇಂಥ ಸುತ್ತನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ತಾನಾಗಿ ಚಾಲೂ ಇರುವುದಿಲ್ಲ. ಎರಡು ಕೇಬಲ್ ಬೇಕೇ ಬೇಕೆಂದರೆ ಎರಡನ್ನೂ ಒಂದೇ ಪೋರ್ಟಿನಂತೆ ಸೇರಿಸಿ ಬಾಂಡ್ ಮಾಡಿ.

ಎರಡು ಸರ್ವರುಗಳ ಬ್ರಿಡ್ಜನ್ನು ವಿಎಕ್ಸ್‌ಲ್ಯಾನ್ ಸುರಂಗದಿಂದ ಜೋಡಿಸಿದಾಗಿನ ತೊಂದರೆ ಇನ್ನೂ ಮೋಜಿನದು: ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲು ಕಳಿಸಿದರೆ ಮಾತ್ರ ಎಲ್ಲ ಸ್ತಬ್ಧ. ಸುರಂಗ ಪ್ರತಿ ಪ್ಯಾಕೆಟ್ಟಿನ ಮೇಲೂ 50 ಬೈಟ್ ಹೊದಿಕೆ ಹಾಕುತ್ತದೆ. 1500ರ ಪ್ಯಾಕೆಟ್ಟು ಹೊದಿಕೆ ಹೊದ್ದು 1550 ಆಗಿ, 1500ರ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿನ ಯಂತ್ರಗಳ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1450ಕ್ಕೆ ಇಳಿಸಿ. ಒಡೆಯಬಾರದೆಂಬ ಗುರುತಿನ ಜೊತೆ 1422 ಬೈಟಿನ ಪಿಂಗ್ ದಾಟಿದರೆ ಸರಿಯಾಗಿದೆ ಎಂದರ್ಥ.

ಕರೆಂಟು ಹೋಗಿ ಬಂದ ಮೇಲೆ ಏನು ಉಳಿದಿರುತ್ತದೆ ಎಂಬುದನ್ನೂ ತಿಳಿದಿರಬೇಕು. ಡೇಟಾಬೇಸಿನಲ್ಲಿ ಒಂದೊಂದು ಬದಲಾವಣೆಯೂ ತನ್ನ ಉದ್ದ ಮತ್ತು ಹ್ಯಾಶ್ ಸಮೇತ ಫೈಲಿನ ಕೊನೆಗೆ ಸೇರುತ್ತಾ ಹೋಗುವುದರಿಂದ ಅರ್ಧ ಬರೆದ ದಾಖಲೆ ಪತ್ತೆಯಾಗುತ್ತದೆ, ಹಿಂದಿನದಕ್ಕೆ ಧಕ್ಕೆಯಿಲ್ಲ. ಬ್ರಿಡ್ಜು, ಪೋರ್ಟು, ವಿಲ್ಯಾನ್ ಉಳಿಯುತ್ತವೆ. ಬ್ರಿಡ್ಜಿಗೆ ಕೈಯಾರೆ ಕೊಟ್ಟ ಐಪಿ ಹೋಗಿರುತ್ತದೆ. ಓವಿಎಸ್-ಓಎಫ್‌ಸಿಟಿಎಲ್‌ನಿಂದ ಹಾಕಿದ, ಯಾವ ಪ್ಯಾಕೆಟ್ಟನ್ನು ಏನು ಮಾಡಬೇಕೆಂದು ಡೀಮನ್‌ಗೆ ಹೇಳುವ ಓಪನ್‌ಫ್ಲೋ ನಿಯಮಗಳೂ ಹೋಗಿರುತ್ತವೆ, ಅವು ಡೇಟಾಬೇಸಿನಲ್ಲಿ ಇರುವುದೇ ಇಲ್ಲ. ವೆತ್ ಪೋರ್ಟುಗಳ ಹೆಸರಿನ ಮುಂದೆ 'ನೋ ಸಚ್ ಡಿವೈಸ್' ಎಂದು ಕಾಣುತ್ತದೆ. ಪುಸ್ತಕದಲ್ಲಿ ಹೆಸರಿದೆ, ಕೇಬಲ್ಲು ಇಲ್ಲ. ಎಲ್ಲಕ್ಕಿಂತ ಮೊದಲು, ಡೀಮನ್‌ಗಳೇ ಎದ್ದಿರುವುದಿಲ್ಲ. ಪ್ಯಾಕೇಜಾದರೆ ಯಂತ್ರ ಶುರುವಾದಾಗ ಡೀಮನ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಯೂನಿಟ್ ಫೈಲು ಜೊತೆಗೆ ಬರುತ್ತದೆ, ಮೇಕ್ ಇನ್‌ಸ್ಟಾಲ್ ಅದನ್ನು ಹಾಕುವುದಿಲ್ಲ. ಓವಿಎಸ್-ಸಿಟಿಎಲ್ ಸ್ಟಾರ್ಟ್ ಎಂದು ಕರೆಯುವ ಯೂನಿಟ್ ಒಂದನ್ನು ನೀವೇ ಬರೆಯಿರಿ. ಐಪಿ ಕೊಡುವ ಮತ್ತು ಓಪನ್‌ಫ್ಲೋ ನಿಯಮ ಹಾಕುವ ಸ್ಕ್ರಿಪ್ಟು ಅದರ ನಂತರವೇ ಓಡಲಿ, ಮುಂಚೆ ಓಡಿದರೆ ವಿಳಾಸ ಕೊಡಲು ಬ್ರಿಡ್ಜೇ ಇರುವುದಿಲ್ಲ.