ತೊಗರಿ ರಾಶಿಯೂ ದಿಲ್ಲಿಗೆ ಕೊಟ್ಟ ಗಡುವೂ

ಹೊಸ ಪ್ರಧಾನಿ ಬಂದರೆ ಪೇಪರ್‌ನವರು ನೂರು ದಿನದ ಲೆಕ್ಕ ಹಾಕುತ್ತಾರೆ. ಕಲಬುರಗಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮುಂಗಾರಿಗೆ ಬಿತ್ತಿದ ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ದಿಲ್ಲಿಯ ನಿರ್ಧಾರ ಒಳ್ಳೆಯದಿತ್ತೋ ಇಲ್ಲವೋ ಗೊತ್ತಾಗುವುದು ಚೀಲ ಗಂಜ್‌ಗೆ, ಅಂದರೆ ಇಲ್ಲಿನ ಧಾನ್ಯ ಮಾರುಕಟ್ಟೆಗೆ, ಬಂದು ತೂಕವಾದ ಮೇಲೆ. ಕಾಯುವುದು ಇಲ್ಲಿನವರಿಗೆ ರೂಢಿಯಾಗಿದೆ. ಆದರೆ ಈ ತಾಳ್ಮೆ ಎಲ್ಲಿಯವರೆಗೆ ಎಂದು ಯಾರೂ ಸರಿಯಾಗಿ ಕೇಳಿಲ್ಲ.

ಹಿಂದಿನದನ್ನು ಬೇಗ ಹೇಳಿಬಿಡಬಹುದು. ಇಂದಿರಾ ಗಾಂಧಿಯವರ ‘ಗರೀಬಿ ಹಟಾವೋ’ ಘೋಷಣೆಗೆ 1971ರಲ್ಲಿ ವೋಟು ಹಾಕಿದ ದೇಶ ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಸರ್ಕಾರ ಬದಲಿಸಿತು. ಜನತಾ ಸರ್ಕಾರ ಮೂರು ವರ್ಷ ತುಂಬುವ ಮೊದಲೇ ಬಿತ್ತು. 1980ರಲ್ಲಿ ಉಳ್ಳಾಗಡ್ಡಿ ದರದ ಸಿಟ್ಟಿನ ನಡುವೆ ಇಂದಿರಾ ಗಾಂಧಿ ವಾಪಸ್ ಬಂದರು. 1991ರಲ್ಲಿ ನರಸಿಂಹ ರಾವ್ ಸರ್ಕಾರ ಬಂದ ತಿಂಗಳೊಳಗೇ ರೂಪಾಯಿ ಬೆಲೆ ಎರಡು ಸಲ ಇಳಿಯಿತು. ಆ ಜುಲೈ ಬಜೆಟ್‌ನಲ್ಲಿ ಗೊಬ್ಬರದ ದರ ಶೇ 40ರಷ್ಟು ಏರಿಸಲು ಹೊರಟು, ಗದ್ದಲವಾದ ಮೇಲೆ ಶೇ 30ಕ್ಕೆ ಇಳಿಸಿದರು. ದೇಶ ಉಳಿಯಿತು ಎಂದು ಇವತ್ತು ಎಲ್ಲರೂ ಒಪ್ಪುತ್ತಾರೆ. ಆದರೂ 1996ರಲ್ಲಿ ಅವರು ಸೋತರು. 2004ರಲ್ಲಿ ವಾಜಪೇಯಿ ಸರ್ಕಾರದ ‘ಇಂಡಿಯಾ ಶೈನಿಂಗ್’ ಪ್ರಚಾರ ಸೋತಿತು.

ನಿಧಾನವಾಗಿ ನೋಡಬೇಕಾದದ್ದು 2014ರಿಂದ ಈಚಿನದು.

ನರೇಂದ್ರ ಮೋದಿ ಪ್ರಧಾನಿಯಾದಾಗ ‘ಅಚ್ಛೇ ದಿನ್’ ಎಲ್ಲರ ಬಾಯಲ್ಲಿತ್ತು. ಬ್ಯಾರಲ್‌ಗೆ 100 ಡಾಲರ್ ಮೇಲಿದ್ದ ಕಚ್ಚಾ ತೈಲ 2016ರ ಜನವರಿಗೆ 30ರ ಕೆಳಗೆ ಬಂತು. ಮಳೆ ಮಾತ್ರ ಕೈಕೊಟ್ಟಿತು. 2014, 2015 ಎರಡೂ ವರ್ಷ ಬರ. ಮಳೆ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು ಎಂದು ಜನ ಸುಮ್ಮನಾದರು. 2015ರ ಅಕ್ಟೋಬರ್‌ನಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ದೊಡ್ಡ ನಗರಗಳು ಗದ್ದಲ ಎಬ್ಬಿಸಿದವು. ಕೂಡಲೇ ದಾಸ್ತಾನಿಗೆ ಮಿತಿ ಬಂತು, ಗೋದಾಮುಗಳ ಮೇಲೆ ದಾಳಿ ನಡೆಯಿತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಐದು ವರ್ಷದ ಒಪ್ಪಂದವಾಯಿತು. ಮೊದಲ ವರ್ಷ 1 ಲಕ್ಷ ಟನ್ ಬೇಳೆಕಾಳು, ಕೊನೆಗೆ 2 ಲಕ್ಷ ಟನ್.

ಅದೇ ಹಂಗಾಮಿನಲ್ಲಿ ನಮ್ಮ ಕಡೆಯವರು ತೊಗರಿ ಜಾಸ್ತಿ ಬಿತ್ತಿದ್ದರು. ಬಿತ್ತಿ ಎಂದು ಹೇಳಿದ್ದೂ ಸರ್ಕಾರವೇ, ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇಟ್ಟಿತ್ತು. ಮಳೆಯೂ ಚೆನ್ನಾಗಿ ಬಂತು. ಹಿಂದಿನ ವರ್ಷ 25 ಲಕ್ಷ ಟನ್ ಆಸುಪಾಸು ಇದ್ದ ದೇಶದ ತೊಗರಿ 48 ಲಕ್ಷ ಟನ್ ದಾಟಿತು. ಎಳ್ಳ ಅಮವಾಸ್ಯೆಗೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋದವರು ಕಾಯಿ ತುಂಬಿದ ಗಿಡ ನೋಡಿ ಸಾಲ ತೀರಿತು ಅಂದುಕೊಂಡರು. ಆದರೆ ಅಷ್ಟರಲ್ಲಿ 500, 1,000ದ ನೋಟು ರದ್ದಾಗಿ ಗಂಜ್‌ನಲ್ಲಿ ನಗದು ಬತ್ತಿತ್ತು. ಅಡತಿ (ದಲ್ಲಾಳಿ) ಅಂಗಡಿಯಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗೆ ಹೋಯಿತು. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ಬೆಳೆಯಿತು. ಒಂದು ದಿನ ಗೋಣಿಚೀಲ ಇಲ್ಲ, ಇನ್ನೊಂದು ದಿನ ತೇವಾಂಶ ಶೇ 12ಕ್ಕಿಂತ ಜಾಸ್ತಿ. ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತರು ಚೀಲದ ಮೇಲೇ ರಾತ್ರಿ ಕಳೆದರು. ಸಾಲ ಕೊಟ್ಟು ವಸೂಲಿಗೆ ಮನೆಗೆ ಬಂದವನು ಅಷ್ಟು ದಿನ ಕಾಯುವುದಿಲ್ಲ ಅಲ್ವಾ? ಅನೇಕರು ಸಿಕ್ಕ ದರಕ್ಕೆ ಮಾರಿದರು.

ಆಮದಿಗೆ ಶೇ 10 ಸುಂಕ ಬಿದ್ದದ್ದು 2017ರ ಮಾರ್ಚ್‌ನಲ್ಲಿ. ಆಮದಿಗೆ ಮಿತಿ ಬಂದದ್ದು ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಮುಂದಿನ ಬಿತ್ತನೆಯೇ ಮುಗಿದಿತ್ತು. ದರ ಏರಿದಾಗ ವಾರಗಳಲ್ಲಿ ಆಗುವ ಕೆಲಸ ದರ ಬಿದ್ದಾಗ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದು ಒಬ್ಬ ಪ್ರಧಾನಿಯ ಕಾಲದಲ್ಲಿ ಶುರುವಾದದ್ದಲ್ಲ. ಕೊಳ್ಳುವವರು ನಗರದಲ್ಲಿ ಒಟ್ಟಾಗಿದ್ದಾರೆ, ಬೆಳೆಯುವವರು ಹೊಲದಲ್ಲಿ ಚದುರಿದ್ದಾರೆ. ತಾಳ್ಮೆಯನ್ನು ಪ್ರತಿ ಸಲ ಬೆಳೆಯುವವರಿಂದಲೇ ಕೇಳುವುದು ನ್ಯಾಯವಲ್ಲ.

ಇಷ್ಟಾದರೂ 2019ರಲ್ಲಿ ಜನ ಇನ್ನೊಂದು ಅವಕಾಶ ಕೊಟ್ಟರು. ಕಲ್ಯಾಣ ಕರ್ನಾಟಕದ ಐದೂ ಲೋಕಸಭಾ ಸೀಟು ಬಿಜೆಪಿಗೆ ಹೋದವು, ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಮೊದಲ ಸಲ ಚುನಾವಣೆ ಸೋತರು. 2024ರಲ್ಲಿ ಅದೇ ಐದೂ ಕಾಂಗ್ರೆಸ್‌ಗೆ ಬಂದವು. ಜಾತಿ, ಗ್ಯಾರಂಟಿ, ಅಭ್ಯರ್ಥಿ, ಕಾರಣ ಹಲವು. ತೊಗರಿ ಒಂದೇ ಎಂದರೆ ಸುಳ್ಳಾಗುತ್ತದೆ. ಆದರೆ 2021ರ ಮೇನಿಂದ ತೊಗರಿ ಆಮದು ಮತ್ತೆ ಮುಕ್ತವಾಗಿದ್ದು, 2023ರ ಜೂನ್‌ನಲ್ಲಿ ದಾಸ್ತಾನು ಮಿತಿ ಮರಳಿದ್ದು ಗಂಜ್‌ನಲ್ಲಿ ಎಲ್ಲರಿಗೂ ಗೊತ್ತು.

2024ರಲ್ಲಿ ಕ್ವಿಂಟಲ್‌ಗೆ 10,000 ದಾಟಿದ್ದ ದರ 2025ರ ರಾಶಿ ಹೊತ್ತಿಗೆ ಕುಸಿಯಿತು. ಬೆಂಬಲ ಬೆಲೆ 7,550 ಇತ್ತು, ಅದರ ಮೇಲೆ ರಾಜ್ಯ ಸರ್ಕಾರ 450 ಸೇರಿಸಿತು. ಸುಂಕವಿಲ್ಲದ ಆಮದಿನ ಗಡುವು ಮಾತ್ರ 2026ರ ಮಾರ್ಚ್‌ವರೆಗೆ ಮುಂದೆ ಹೋಯಿತು. ಆಳಂದ, ಜೇವರ್ಗಿ, ಚಿತ್ತಾಪುರದ ರೈತರಿಗೆ ಬೇಕಾದದ್ದು ದೊಡ್ಡದೇನಲ್ಲ. ಆಮದು ಎಷ್ಟು ಎಂದು ಬಿತ್ತನೆಗೆ ಮೊದಲು ಹೇಳಬೇಕು, ಖರೀದಿ ಕೇಂದ್ರ ರಾಶಿಗೆ ಮೊದಲು ತೆರೆಯಬೇಕು.